ಆ್ಯಪ್‌ಗಿಂತ ಮೊದಲು ಕಾರ್ಬನ್ ಪುಸ್ತಕ: ಕಾಫಿ ತೋಟದ ತೂಕದ ಲೆಕ್ಕ ವ್ಯಾಪಾರವಾದ ಬಗೆ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯ ಅಕ್ಕ ತಮ್ಮ ಸೇರಿ ಶುರು ಮಾಡಿದ, ಕಾಫಿ ಕುಯ್ದವರ ತೂಕ ಮತ್ತು ಕೂಲಿಯ ಲೆಕ್ಕ ಇಟ್ಟುಕೊಡುವ ಸಣ್ಣ ವ್ಯಾಪಾರವೊಂದರ ಮೊದಲ ವರ್ಷದ ವಿವರ ಇದು. ಅಕ್ಕ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿಕೊಂಡಿದ್ದು ಊರಿಗೆ ವಾಪಸ್ ಬಂದವಳು. ತಮ್ಮ ಮನೆಯ ತೋಟ ನೋಡಿಕೊಳ್ಳುತ್ತಾನೆ. ನಾನು ಚಿಕ್ಕಮಗಳೂರಿನಲ್ಲಿ ಸಣ್ಣಪುಟ್ಟ ವ್ಯಾಪಾರಗಳ ಲೆಕ್ಕ ನೋಡುವವನು. ಇವರ ಲೆಕ್ಕವೂ ನನ್ನ ಹತ್ತಿರವೇ ಇದೆ, ಹಾಗಾಗಿ ಒಳಗಿನ ಸಂಗತಿ ಗೊತ್ತು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಕಾಫಿ ಕುಯ್ಲು ನೋಡದವರಿಗೆ ಎರಡು ಮಾತು. ಅರೇಬಿಕಾ ಹಣ್ಣು ನವೆಂಬರ್‌ನಿಂದ ಜನವರಿವರೆಗೆ ಕುಯ್ಲಿಗೆ ಬರುತ್ತದೆ, ಅದರ ಹಿಂದೆಯೇ ಕಾಫಿಯ ಇನ್ನೊಂದು ಜಾತಿ ರೋಬಸ್ಟಾ. ಈ ಹೊತ್ತಿನಲ್ಲಿ ತುಂಬಾ ತೋಟಗಳಲ್ಲಿ ದಿನಗೂಲಿ ಬದಲು ಕೆಜಿ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ. ಸಂಜೆ ಎಲ್ಲರೂ ಚೀಲ ಹೊತ್ತು ಕಣಕ್ಕೆ ಬರುತ್ತಾರೆ. ಮೇಸ್ತ್ರಿ ತೂಕ ಕೂಗುತ್ತಾನೆ, ರೈಟರ್, ಅಂದರೆ ತೋಟದ ಗುಮಾಸ್ತ, ಬರೆದುಕೊಳ್ಳುತ್ತಾನೆ. ವಾರಕ್ಕೊಮ್ಮೆ ಬಟವಾಡೆ. ಅಲ್ಲಿ ಜಗಳ ಆಗದ ವಾರ ಕಡಿಮೆ. "ಮಂಗಳವಾರ ನಂದು ಎಂಬತ್ತೆರಡಿತ್ತು." "ಪುಸ್ತಕದಲ್ಲಿ ಎಪ್ಪತ್ತೆರಡಿದೆ ನೋಡು." ಪುಸ್ತಕ ಒಂದೇ, ಅದು ಇರುವುದು ಒಂದೇ ಕಡೆ. ಕುಯ್ದವರ ಕೈಯಲ್ಲಿ ಏನೂ ಇಲ್ಲ.

ತಮ್ಮ ಈ ಜಗಳ ನೋಡಿ ನೋಡಿ ಬೇಸತ್ತು ಒಂದು ಆ್ಯಪ್ ಮಾಡಿಸೋಣ ಅಂದ. ಬೆರಳಚ್ಚಿನ ಹಾಜರಿ, ಯಾವ ಬ್ಲಾಕಿನಲ್ಲಿ ಎಷ್ಟು ಕುಯ್ಲಾಯಿತು ಎಂದು ತೋರಿಸುವ ನಕ್ಷೆ, ದಿನದ ಕಾಫಿ ದರ, ಮಳೆ ಮುನ್ಸೂಚನೆ, ಎಲ್ಲ ಅದರೊಳಗೇ ಇರಬೇಕು. ಬೆಂಗಳೂರಿನ ಒಂದು ಕಂಪನಿ 6 ಲಕ್ಷ ಕೇಳಿತು, ಐದು ತಿಂಗಳು ಟೈಮ್ ಕೇಳಿತು. ಇವರ ಕೈಯಲ್ಲಿದ್ದದ್ದು ಅದರ ಅರ್ಧ. ದುಡ್ಡು ಹೇಗಾದರೂ ಹೊಂದಿಸಬಹುದಿತ್ತು ಅನ್ನಿ. ಹೊಂದಿಸಲು ಆಗದ್ದು ತಿಂಗಳು. ಆಗ ಸೆಪ್ಟೆಂಬರ್ ನಡೆಯುತ್ತಿತ್ತು. ಆ್ಯಪ್ ಕೈಗೆ ಬರುವಾಗ ಫೆಬ್ರವರಿ ಮುಗಿದಿರುತ್ತದೆ, ಹಣ್ಣು ಒಣಗಿ, ಸಿಪ್ಪೆ ತೆಗೆದು ಬೀಜ ಮಾಡುವ ಕ್ಯೂರಿಂಗ್ ವರ್ಕ್ಸ್ ಸೇರಿರುತ್ತದೆ. ಪರೀಕ್ಷೆ ಮಾಡಬೇಕೆಂದರೆ ಮುಂದಿನ ನವೆಂಬರ್‌ವರೆಗೆ ಕಾಯಬೇಕು.

ಸ್ಟಾರ್ಟಪ್ ಭಾಷಣಗಳಲ್ಲಿ ಎಂವಿಪಿ, ಮಿನಿಮಮ್ ವಯಬಲ್ ಪ್ರಾಡಕ್ಟ್ ಅನ್ನುವ ಮಾತು ಬಂದೇ ಬರುತ್ತದೆ. ಗಿರಾಕಿಗೆ ಕೊಟ್ಟು ನೋಡಲು ಸಾಕಾಗುವಷ್ಟು ಸರಳವಾದ ಮೊದಲ ಸರಕು ಅಂತ ಅರ್ಥ. 2001ರಲ್ಲಿ ಫ್ರಾಂಕ್ ರಾಬಿನ್ಸನ್ ಬಳಕೆಗೆ ತಂದದ್ದು. ಅದರ ಜೊತೆಗೆ ಬರುವ ಕತೆ ಜ್ಯಾಪೋಸ್‌ನದು. 1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ತನ್ನೂರಿನ ಅಂಗಡಿಗಳಲ್ಲಿದ್ದ ಶೂಗಳ ಫೋಟೊ ತೆಗೆದು ಇಂಟರ್ನೆಟ್‌ನಲ್ಲಿ ಹಾಕಿದ. ಯಾರಾದರೂ ಆರ್ಡರ್ ಕೊಟ್ಟರೆ ಅದೇ ಅಂಗಡಿಗೆ ಹೋಗಿ ಪೂರ್ತಿ ಬೆಲೆಗೆ ಕೊಂಡು ಕಳಿಸಿದ. ಒಂದು ಜೊತೆಯೂ ದಾಸ್ತಾನು ಇಟ್ಟಿರಲಿಲ್ಲ. ಜನ ನೋಡದೆ, ಹಾಕಿಕೊಂಡು ನಡೆಯದೆ ಶೂ ಕೊಳ್ಳುತ್ತಾರಾ ಅಂತ ತಿಳಿಯಬೇಕಿತ್ತು, ಅಷ್ಟೇ. 2009ರಲ್ಲಿ ಅಮೆಜಾನ್ ಆ ಕಂಪನಿಯನ್ನು ಕೊಂಡಿತು. ಜ್ಯಾಪೋಸ್ ಶುರುವಾದ ಕಾಲದಲ್ಲೇ ಮನೆಗೆ ದಿನಸಿ ತಲುಪಿಸಲು ಹೊರಟ ವೆಬ್‌ವ್ಯಾನ್ 26 ಗೋದಾಮು ಕಟ್ಟಲು 100 ಕೋಟಿ ಡಾಲರಿನ ಗುತ್ತಿಗೆ ಕೊಟ್ಟಿತ್ತು. 2001ರ ಜುಲೈನಲ್ಲಿ ಬಾಗಿಲು ಹಾಕಿತು.

ಈ ಕತೆಗಳನ್ನು ಹೇಳುವವರು ಒಂದು ಸಂಗತಿ ಬಿಟ್ಟುಬಿಡುತ್ತಾರೆ. ಶೂ ವರ್ಷವಿಡೀ ಮಾರಾಟವಾಗುತ್ತದೆ. ಈ ವಾರ ತಪ್ಪಿದರೆ ಮುಂದಿನ ವಾರ ತಿದ್ದಬಹುದು. ಕಾಫಿ ಹಣ್ಣಾಗುವುದು ವರ್ಷಕ್ಕೊಂದೇ ಸಲ. ಹಾಗಾಗಿ ಬೆಳೆಯ ಸುತ್ತ ವ್ಯಾಪಾರ ಮಾಡುವವರಿಗೆ ಸರಳವಾಗಿ ಶುರು ಮಾಡುವುದು ಜಾಣತನದ ಆಯ್ಕೆ ಅಲ್ಲ, ಬೇರೆ ದಾರಿಯೇ ಇಲ್ಲ. ಕುಯ್ಲು ಶುರುವಾಗುವ ದಿನ ಏನು ತಯಾರಿದೆಯೋ ಅದೇ ನಿಮ್ಮ ಸರಕು.

ತಯಾರಾದದ್ದು ಒಂದು ಪುಸ್ತಕ. ಐ.ಜಿ. ರಸ್ತೆ ಹತ್ತಿರದ ಪ್ರೆಸ್ಸಿನಲ್ಲಿ ಬಿಲ್ ಬುಕ್ ಮಾದರಿಯಲ್ಲಿ ಮುದ್ರಿಸಿದ್ದು, ಒಂದು ಬಿಳಿ ಹಾಳೆ, ಒಂದು ಹಳದಿ ಹಾಳೆ, ನಡುವೆ ಕಾರ್ಬನ್. ಕಣದಲ್ಲಿ ತೂಕ ಆದ ಕೂಡಲೇ ಬರೆಯಬೇಕು, ಹಳದಿ ಚೀಟಿ ಹರಿದು ಕುಯ್ದವರ ಕೈಗೆ ಕೊಡಬೇಕು. ಬಿಳಿ ಹಾಳೆಗಳ ಫೋಟೊ ರಾತ್ರಿ ನೆಟ್‌ವರ್ಕ್ ಸಿಗುವ ಕಡೆ ನಿಂತು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಕು. ಅಕ್ಕ ಅದನ್ನು ಎಕ್ಸೆಲ್‌ಗೆ ಹೊಡೆಯುತ್ತಾಳೆ. ಬಟವಾಡೆಯ ಹಿಂದಿನ ರಾತ್ರಿ ಯಾರಿಗೆ ಎಷ್ಟು ಅನ್ನುವ ಪಟ್ಟಿ ತೋಟದವರ ಫೋನಿಗೆ ಹೋಗುತ್ತದೆ. ಇಷ್ಟೇ. ತಮ್ಮನಿಗೆ ಇದು ನಾಚಿಕೆಗೇಡು ಅನ್ನಿಸಿತ್ತು. "ಇಷ್ಟಕ್ಕೆ ಇಂಜಿನಿಯರಿಂಗ್ ಓದಿದ್ಯಾ ಅಕ್ಕ?" ಅಂದನಂತೆ.

ದುಡ್ಡು ಕೇಳಿದಾಗ

ಅಕ್ಟೋಬರ್‌ನಲ್ಲಿ ಇಬ್ಬರೂ ಗುರುತಿನ ಹನ್ನೆರಡು ಬೆಳೆಗಾರರ ಮನೆಗೆ ಹೋಗಿ ಬಂದರು. ಹನ್ನೆರಡೂ ಜನ ಒಳ್ಳೆ ಕೆಲಸ ಅಂದರು. ನಮ್ಮ ಕಡೆ ಮನೆಗೆ ಬಂದ ಹುಡುಗಿಗೆ ಮುಖದ ಮೇಲೆ ಬೇಡ ಅನ್ನುವವರು ಯಾರಿದ್ದಾರೆ ಹೇಳಿ? ಕಾಫಿ ಕೊಡುತ್ತಾರೆ, ಅಪ್ಪನ ಆರೋಗ್ಯ ಕೇಳುತ್ತಾರೆ, "ಮಾಡಮ್ಮ, ಒಳ್ಳೇದಾಗ್ಲಿ" ಅಂತ ಕಳಿಸಿಕೊಡುತ್ತಾರೆ. ಇದನ್ನು ಬೇಡಿಕೆ ಇದೆ ಎಂದು ಬರೆದುಕೊಂಡು ಬ್ಯಾಂಕಿಗೆ ಹೋದವರನ್ನು ನಾನು ಜಾಸ್ತಿಯೇ ನೋಡಿದ್ದೇನೆ.

ಆಮೇಲೆ ಅಕ್ಕ ಒಬ್ಬಳೇ ಮತ್ತೆ ಹೋಗಿ, ವಾರಕ್ಕೆ 400 ರೂಪಾಯಿ, ಎರಡು ವಾರದ್ದು ಮೊದಲೇ ಕೊಡಬೇಕು ಅಂದಳು. ಆಗ ಮಾತು ಬೇರೆಯಾಯಿತು.

"ನಮ್ ರೈಟರ್ ಬರೀತಾನಲ್ಲಮ್ಮ, ಅದಕ್ಯಾಕೆ ದುಡ್ಡು?"

"ಅವರು ಬರೆದಿದ್ದು ಕುಯ್ದೋರ ಕೈಗೆ ಹೋಗಲ್ಲ ಮಾವ."

"ಅವ್ರಿಗ್ಯಾಕೆ ಬೇಕು?"

ಹನ್ನೆರಡರಲ್ಲಿ ಮೂವರು ದುಡ್ಡು ಎಣಿಸಿ ಕೊಟ್ಟರು. ಉಳಿದವರ ಹೊಗಳಿಕೆಗಿಂತ ಈ ಮೂವರ 2,400 ರೂಪಾಯಿ ಹೆಚ್ಚು ಹೇಳುತ್ತದೆ. ಇನ್ನೊಂದು ತೋಟಕ್ಕೆ, ಅವರ ಚಿಕ್ಕಪ್ಪನದು, ಪುಸ್ತಕ ಪುಕ್ಕಟೆ ಹೋಯಿತು. ಸಂಬಂಧಿಕರ ಹತ್ತಿರ ದುಡ್ಡು ಕೇಳೋದು ಹೇಗೆ ಅಂತ. ಆ ತೋಟದಿಂದ ಇಡೀ ಕುಯ್ಲಿನಲ್ಲಿ ಒಂದು ದೂರೂ ಬರಲಿಲ್ಲ, ಸರಿಯಾಗಿ ಒಂದು ಫೋಟೊವೂ ಬರಲಿಲ್ಲ. ದುಡ್ಡು ಕೊಟ್ಟವರು ಬೈದರು, ಚಿಕ್ಕಪ್ಪ ಬೈಯಲಿಲ್ಲ. ಪುಕ್ಕಟೆ ಕೊಟ್ಟಲ್ಲಿ ಏನೂ ಕಲಿಯಲಿಕ್ಕೆ ಸಿಗುವುದಿಲ್ಲ ಅನ್ನುವುದು ನನ್ನ ಹಳೆಯ ಅಭಿಪ್ರಾಯ, ಇಲ್ಲೂ ಹಾಗೇ ಆಯಿತು.

ಕಣದ ಸಂಜೆ

ಮೊದಲ ವಾರವೇ ಹೆಸರಿನ ಗೊಂದಲ. ಒಂದು ತೋಟದ ಕುಯ್ಲಿಗೆ ಅಸ್ಸಾಂ ಕಡೆಯವರು ಬಂದಿದ್ದರು. ಒಂದೇ ಹೆಸರಿನವರು ಮೂವರು, ಮೇಸ್ತ್ರಿ ಬರೆಯುವುದು ಒಂದೊಂದು ದಿನ ಒಂದೊಂದು ಥರ. ಚೀಟಿ ಕನ್ನಡದಲ್ಲಿತ್ತು, ಅವರಿಗೆ ಓದಲು ಬಾರದು. ಎರಡನೇ ವಾರಕ್ಕೆ ಪ್ಲಾಸ್ಟಿಕ್ ಟೋಕನ್ ಬಂತು. ಪ್ರತಿಯೊಬ್ಬರಿಗೂ ಒಂದು ನಂಬರ್, ಚೀಟಿಯಲ್ಲಿ ಅಂಕಿ ಮಾತ್ರ. ಟೋಕನ್ 17, ತೂಕ 38.5. ಅಕ್ಷರ ಬೇಡವೇ ಬೇಡ.

ಆಮೇಲೆ ಗಂಡ ಹೆಂಡತಿ ಪ್ರಶ್ನೆ. ಎಕ್ಸೆಲ್‌ನಲ್ಲಿ ಒಬ್ಬರಿಗೆ ಒಂದು ಸಾಲು ಇತ್ತು. ಗಿಡದ ಬುಡದಲ್ಲಿ ಹಾಗಲ್ಲ. ಇಬ್ಬರೂ ಒಂದೇ ಸಾಲು ಹಿಡಿದು ಒಂದೇ ಚೀಲಕ್ಕೆ ತುಂಬುತ್ತಾರೆ. ತೂಕ ಯಾರ ಹೆಸರಿಗೆ? ಮೇಸ್ತ್ರಿ ಅಭ್ಯಾಸದಂತೆ ಗಂಡನ ನಂಬರ್ ಹಾಕುತ್ತಿದ್ದ. ಒಂದು ಬಟವಾಡೆಯಲ್ಲಿ ಹೆಂಗಸೊಬ್ಬಳು ತನ್ನ ದುಡ್ಡು ತನ್ನ ಕೈಗೇ ಬೇಕು ಅಂತ ಹಟ ಹಿಡಿದಳು. ಅಂದಿನಿಂದ ಜೋಡಿ ಚೀಲಕ್ಕೆ ಎರಡು ಟೋಕನ್ ಬರೆದು ಅರ್ಧ ಅರ್ಧ ಹಂಚುವ ಪದ್ಧತಿ ಬಂತು. ಬೆಂಗಳೂರಿನ ಕಂಪನಿಯ ಅಂದಾಜುಪಟ್ಟಿಯಲ್ಲಿ ಈ ಜೋಡಿ ಚೀಲ ಎಲ್ಲೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ.

ಫೋನಿನಲ್ಲಿ ಯಾಕೆ ಬರೆಯಬಾರದು ಅಂತ ತಮ್ಮ ಬಿಡಲಿಲ್ಲ. ಒಂದು ಗೂಗಲ್ ಫಾರ್ಮ್ ಮಾಡಿಕೊಂಡು ಒಂದು ಸಂಜೆ ಕಣಕ್ಕೆ ಹೋದ. ದಿನವಿಡೀ ಹಣ್ಣು ಮುಟ್ಟಿದ ಕೈ ಹೇಗಿರುತ್ತದೆ ನೋಡಿದ್ದೀರಾ? ಹಣ್ಣಿನ ಲೋಳೆಗೆ ಧೂಳು ಸೇರಿ ಬೆರಳುಗಳು ಕಪ್ಪಗೆ ಅಂಟಂಟು. ಮೇಸ್ತ್ರಿ ಒತ್ತಿದ ಕಡೆ ಸ್ಕ್ರೀನ್ ಕೆಲಸ ಮಾಡದು, ಒತ್ತದ ಕಡೆ ಮಾಡುತ್ತದೆ. ಅಂಗಿಗೆ ಕೈ ಒರೆಸಿ ಮತ್ತೆ ಒತ್ತಿದ. 38 ಹೊಡೆಯಲು ಹೋಗಿ 338 ಆಯಿತು. ಹಿಂದೆ ಸಾಲು ನಿಂತಿದೆ, ಕತ್ತಲಾಗುತ್ತಿದೆ. ಅರೇಬಿಕಾ ಹಣ್ಣನ್ನು ಅದೇ ದಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕಬೇಕು, ಇಲ್ಲದಿದ್ದರೆ ಚೀಲದಲ್ಲೇ ಹುಳಿಯಲು ಶುರುವಾಗುತ್ತದೆ. ಒಂದು ಚೀಲಕ್ಕೆ ಒಂದು ನಿಮಿಷ ಜಾಸ್ತಿ ಹಿಡಿದರೆ ಐವತ್ತು ಚೀಲಕ್ಕೆ ಐವತ್ತು ನಿಮಿಷ. ಹತ್ತನೇ ಚೀಲಕ್ಕೇ ಮೇಸ್ತ್ರಿ ಫೋನ್ ವಾಪಸ್ ಕೊಟ್ಟು ಕಿವಿಯ ಮೇಲಿದ್ದ ಪೆನ್ನು ತೆಗೆದ. "ಅಕ್ಕೋರ ಪುಸ್ತಕನೇ ವಾಸಿ ಕಣಣ್ಣ" ಅಂದ. 6 ಲಕ್ಷ ಕೊಟ್ಟ ಮೇಲೆ ಗೊತ್ತಾಗಬೇಕಿದ್ದ ಸಂಗತಿ ಒಂದು ಸಂಜೆಯಲ್ಲಿ, ಸುಮ್ನೆ ಪುಕ್ಕಟೆಯಾಗಿ ಗೊತ್ತಾಯಿತು.

ಮೇಸ್ತ್ರಿಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಕಣದಲ್ಲಿ ಅವನ ಮಾತಿಗೆ ಬೆಲೆ ಇರುವುದು ಪುಸ್ತಕ ಅವನ ಕೈಯಲ್ಲಿ ಇರುವುದರಿಂದ. ಅದನ್ನು ಕಿತ್ತುಕೊಳ್ಳುವ ಯಾವ ವ್ಯವಸ್ಥೆಗೂ ಅವನು ಸಹಕರಿಸುವುದಿಲ್ಲ. ಫೋಟೊ ಮರೆತೆ ಅನ್ನುತ್ತಾನೆ, ಪೆನ್ನು ಬರೆಯಲಿಲ್ಲ ಅನ್ನುತ್ತಾನೆ. ಅಕ್ಕ ಇದನ್ನು ಬೇಗ ಅರ್ಥ ಮಾಡಿಕೊಂಡಳು. ಪುಸ್ತಕ ಮೇಸ್ತ್ರಿ ಹತ್ತಿರವೇ ಇರಲಿ, ಬರೆಯುವುದೂ ಅವನೇ, ಹಳದಿ ಚೀಟಿ ಹರಿದು ಕೊಡುವುದೂ ಅವನೇ ಅಂದಳು. ಜಗಳದಲ್ಲಿ ಮೊದಲು ಬೈಸಿಕೊಳ್ಳುತ್ತಿದ್ದವನೂ ಅವನೇ ತಾನೆ. ಚೀಟಿ ಬಂದ ಮೇಲೆ ಅದು ತಪ್ಪಿತು. ಮೂರನೇ ವಾರದಿಂದ ಫೋಟೊಗಳು ಸರಿಯಾದ ಹೊತ್ತಿಗೆ ಬರತೊಡಗಿದವು.

ಅರ್ಧ ಕೆಜಿ

ಒಂದು ತೋಟ ಮೂರು ವಾರಕ್ಕೇ ಬಿಟ್ಟಿತು. ಕಾರಣ ಅರ್ಧ ಕೆಜಿ.

ಆ ತೋಟದಲ್ಲಿ 38.8 ತೂಗಿದರೂ 38 ಎಂದೇ ಬರೆಯುವುದು ರೂಢಿ. ಚೀಲದ ತೂಕ ಬೇರೆ ಕಳೆಯುತ್ತಿದ್ದರು, ಅದು ನ್ಯಾಯವೇ. ಇದು ಅದರ ಮೇಲಿನದು. ಸರಾಸರಿ ಹಿಡಿದರೆ ಚೀಲಕ್ಕೆ ಅರ್ಧ ಕೆಜಿ. ಒಬ್ಬರು ದಿನಕ್ಕೆ ಎರಡು ಚೀಲ ತಂದರೆ ಒಂದು ಕೆಜಿ. ಅಲ್ಲಿ ಕೆಜಿಗೆ 5 ರೂಪಾಯಿ ಇತ್ತು. ಆರು ದಿನಕ್ಕೆ 30 ರೂಪಾಯಿ, ಇಪ್ಪತ್ತು ಜನಕ್ಕೆ ವಾರಕ್ಕೆ 600. ತೋಟದವರಿಗೆ ಅದು ಲೆಕ್ಕಕ್ಕೇ ಇಲ್ಲದ ದುಡ್ಡು. ಆದರೆ ಚೀಟಿಯಲ್ಲಿ ದಶಾಂಶ ಬಂದ ಕೂಡಲೇ ಅದು ಎಲ್ಲರ ಕಣ್ಣಿಗೆ ಬಿತ್ತು. "ನಂಗೇನೂ ತೊಂದ್ರೆ ಇಲ್ಲಮ್ಮ, ಜನ ಸುಮ್ನೆ ಪ್ರಶ್ನೆ ಕೇಳೋಕೆ ಶುರು ಮಾಡ್ತಾರೆ" ಎಂದು ಪುಸ್ತಕ ವಾಪಸ್ ಕೊಟ್ಟರು. ದಶಾಂಶ ತೆಗೆದರೆ ಮುಂದುವರಿಸುತ್ತೇವೆ ಅಂತಲೂ ಹೇಳಿದರು. ಅಕ್ಕ ಒಪ್ಪಲಿಲ್ಲ. ನನಗೆ ಕೇಳಿದ್ದರೆ ನಾನೂ ಒಪ್ಪಬೇಡ ಅನ್ನುತ್ತಿದ್ದೆ. ಮಸುಕು ಇದ್ದರೇ ಲಾಭ ಅನ್ನುವವರು ಈ ಸರಕಿನ ಗಿರಾಕಿಗಳಲ್ಲ, ಅವರಿಗಾಗಿ ಸರಕನ್ನು ಬಗ್ಗಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಹಳೆಯ ಪುಸ್ತಕವೇ.

ತಕ್ಕಡಿಯ ಮಾತೂ ಆಗಲೇ ಬಂತು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಅಂಗಡಿ ವ್ಯಾಪಾರಕ್ಕೆ ಮಾತ್ರ ಅಂತ ಅನೇಕರು ತಿಳಿದಿದ್ದಾರೆ. ಮಾಡಿದ ಕೆಲಸ, ಕೊಡಬೇಕಾದ ಕೂಲಿ ಲೆಕ್ಕ ಹಾಕುವ ತೂಕವೂ ಅದರೊಳಗೆ ಬರುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯನ್ನು ಪ್ರತಿ ವರ್ಷ ಪರೀಕ್ಷೆ ಮಾಡಿಸಿ ಸರ್ಕಾರಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ತಕ್ಕಡಿಯ ತೂಕ ಚೀಟಿಯಲ್ಲಿ ಬರೆಯುವುದಿಲ್ಲ ಎಂದು ಅಕ್ಕ ನಿಯಮ ಮಾಡಿದಳು. ಇದರಿಂದ ಯಾವ ತೋಟವೂ ಬಿಟ್ಟು ಹೋಗಲಿಲ್ಲ.

ಒಂದು ಹೋದರೆ ಎರಡು ಬಂದವು. ಐದನೇ ವಾರದಲ್ಲಿ, ಅಕ್ಟೋಬರ್‌ನಲ್ಲಿ ದುಡ್ಡು ಕೊಡದವರ ಪೈಕಿ ಇಬ್ಬರು ತಾವಾಗಿಯೇ ಫೋನ್ ಮಾಡಿದರು. ಕುಯ್ಲಿನವರು ತೋಟದಿಂದ ತೋಟಕ್ಕೆ ಹೋಗುತ್ತಾರೆ. ಹೊಸ ತೋಟದ ಕಣದಲ್ಲಿ "ಆ ಹಳದಿ ಪರ್ಚಿ ಇಲ್ವಾ?" ಅಂತ ಕೇಳಿದ್ದಾರೆ. ಕುಯ್ಲಿನ ನಡುವೆ ಜನ ಬಿಟ್ಟುಹೋದರೆ ಹಣ್ಣು ಗಿಡದಲ್ಲೇ ಒಣಗುತ್ತದೆ, ನೆಲಕ್ಕೆ ಉದುರುತ್ತದೆ. ವಾರಕ್ಕೆ 400 ರೂಪಾಯಿ ಯಾಕೆ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತ್ತು.

ಯಾರೂ ಕೇಳದೇ ಇದ್ದ ಕಾಲಂ

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅಡ್ವಾನ್ಸ್. ಮೊದಲ ಪಟ್ಟಿ ಹೋದ ರಾತ್ರಿಯೇ ಒಬ್ಬ ಬೆಳೆಗಾರರು ಫೋನ್ ಮಾಡಿದರು. "ಪಟ್ಟಿ ಸರಿ ಇದೆ ಮಗಳೇ. ಅಡ್ವಾನ್ಸ್ ಕಳೆದಿಲ್ವಲ್ಲ?" ದೂರದಿಂದ ಬರುವ ಗುಂಪಿಗೆ ಪ್ರಯಾಣಕ್ಕೆ, ಮನೆಗೆ ಕಳಿಸಲು ಅಂತ ಮೊದಲೇ ದುಡ್ಡು ಕೊಟ್ಟಿರುತ್ತಾರೆ. ಬಂದ ಮೇಲೆ ಅಂಗಡಿಯಲ್ಲಿ ಅಕ್ಕಿ, ಎಣ್ಣೆ ತೋಟದ ಲೆಕ್ಕಕ್ಕೆ ಹೋಗುತ್ತದೆ. ಆ ತೋಟದಲ್ಲಿ ಹದಿನಾಲ್ಕು ಜನರ ಗುಂಪಿಗೆ 70,000 ಕೊಟ್ಟಿದ್ದರು, ತಲೆಗೆ 5,000. ಇಬ್ಬರು ಎರಡನೇ ವಾರವೇ ಊರಿಗೆ ಹೋದರು. ಅವರ ಪಾಲು ಯಾರ ತಲೆಗೆ? ಇಂಥ ಲೆಕ್ಕ ಯಾವ ತೋಟದಲ್ಲೂ ಒಂದೇ ಕಡೆ ಬರೆದಿರಲಿಲ್ಲ. ಸ್ವಲ್ಪ ರೈಟರ್ ಪುಸ್ತಕದಲ್ಲಿ, ಸ್ವಲ್ಪ ಅಂಗಡಿಯ ಚೀಟಿಯಲ್ಲಿ, ಉಳಿದದ್ದು ತೋಟದ ಸಾವ್ಕಾರರ ತಲೆಯಲ್ಲಿ.

ಅಕ್ಕ ಪಟ್ಟಿಗೆ ಅಡ್ವಾನ್ಸ್ ಕಾಲಂ ಸೇರಿಸಿದಳು. ಮುಂದೆ ಆದದ್ದು ಗಮನಿಸಿ. ದಿನದ ತೂಕದ ಪಟ್ಟಿ ತಡವಾದರೆ ಯಾರೂ ಕೇಳುತ್ತಿರಲಿಲ್ಲ. ಅಡ್ವಾನ್ಸ್ ಬಾಕಿ ಒಂದು ರಾತ್ರಿ ತಡವಾದರೆ ಎಲ್ಲ ತೋಟದಿಂದಲೂ ಫೋನ್. ತೂಕದ ಜಗಳ ಕಣ್ಣಿಗೆ ಕಾಣುತ್ತಿತ್ತು, ಅದಕ್ಕೆ ಇವರು ಅದರ ಹಿಂದೆ ಹೋದರು. ತೋಟದವರ ನಿದ್ದೆ ಕೆಡಿಸುತ್ತಿದ್ದದ್ದು ಅಡ್ವಾನ್ಸ್ ಲೆಕ್ಕ. ಹನ್ನೆರಡು ಮನೆಯ ಕಾಫಿ ಕುಡಿದಾಗಲೂ ಒಬ್ಬರೂ ಅದರ ಸುದ್ದಿ ಎತ್ತಿರಲಿಲ್ಲ. ಬಚ್ಚಿಟ್ಟರು ಅಂತಲ್ಲ. ಎಲ್ಲರಿಗೂ ಅದು ಕೂಲಿಯ ಭಾಗ, ಅದನ್ನು ಬೇರೆಯಾಗಿ ಹೇಳಬೇಕು ಅಂತಲೇ ಅನ್ನಿಸಿರಲಿಲ್ಲ.

ಇಲ್ಲಿ ನಾನು ಅಡ್ಡಗಾಲು ಹಾಕಿದೆ. ಸಾಲದ ಲೆಕ್ಕ ಸಾಲ ಕೊಟ್ಟವರ ಬಳಿ ಮಾತ್ರ ಇದ್ದರೆ ಅದು ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ನಮ್ಮ ದೇಶದಲ್ಲಿ ಸಾಕಷ್ಟು ಚರಿತ್ರೆ ಇದೆ. 1976ರಲ್ಲಿ ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು ಸುಮ್ಮನೆ ಅಲ್ಲ. ಬಾಕಿ ಎಷ್ಟು ಅನ್ನುವುದು ತೋಟದವರ ಪಟ್ಟಿಯಲ್ಲಿ ಬಂದರೆ ಅದೇ ಅಂಕಿ ಬಟವಾಡೆ ದಿನ ಕುಯ್ದವರ ಚೀಟಿಯಲ್ಲೂ ಬರಬೇಕು ಅಂದೆ. ಅಕ್ಕ ಕೂಡಲೇ ಒಪ್ಪಿದಳು. ಒಬ್ಬ ಬೆಳೆಗಾರರು ಗೊಣಗಿದರು, ಆಮೇಲೆ ಅವರೇ ಅದು ಒಳ್ಳೆಯದಾಯಿತು ಅಂದರು. ಲೆಕ್ಕ ಬಾಯಿಮಾತಿನಲ್ಲಿದ್ದಾಗ ಅವರಿಗೂ ಮೋಸವಾಗುತ್ತಿತ್ತು.

ಲೆಕ್ಕ

ಹನ್ನೆರಡು ವಾರಕ್ಕೆ ಒಟ್ಟು ಬಂದದ್ದು 17,200 ರೂಪಾಯಿ. ಮುದ್ರಣಕ್ಕೆ 5,800, ಟೋಕನ್‌ಗೆ 900, ಪೆಟ್ರೋಲಿಗೆ 4,600 ಹೋಯಿತು. ಉಳಿದದ್ದು 5,900. ನಿನ್ನ ರಾತ್ರಿಗಳಿಗೂ ಬೆಲೆ ಕಟ್ಟು ಅಂತ ಅಕ್ಕನಿಗೆ ಅಂದೆ. ದಿನಕ್ಕೆ ಎರಡು ಗಂಟೆ, ವಾರಕ್ಕೆ ಆರು ದಿನ, ಒಟ್ಟು 144 ಗಂಟೆ. ಗಂಟೆಗೆ 41 ರೂಪಾಯಿ ಬಿತ್ತು. ದಿನಕ್ಕೆ 80 ಕೆಜಿ ಹಣ್ಣು ಕುಯ್ದಿದ್ದರೆ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು ಅಂತ ತಮಾಷೆ ಮಾಡಿದ್ದಕ್ಕೆ ಅವಳಿಗೆ ನಗು ಬರಲಿಲ್ಲ.

ವ್ಯಾಪಾರ ಎಂದು ನೋಡಿದರೆ ಇದು ನಿಲ್ಲುವ ಲೆಕ್ಕ ಅಲ್ಲ. ನಾಲ್ಕು ತೋಟಕ್ಕೇ ಅವಳ ರಾತ್ರಿ ಮುಗಿಯುತ್ತಿತ್ತು, ಹತ್ತು ತೋಟ ಆಗದ ಮಾತು. ಆದರೆ ಕೈಯಿಂದ ಮಾಡುವ ಮೊದಲ ಆವೃತ್ತಿಯಿಂದ ಲಾಭ ಹುಡುಕಬಾರದು, ಎಲ್ಲಿ ಕೈ ಸೋಲುತ್ತದೆ ಅಂತ ನೋಡಬೇಕು. ಇಲ್ಲಿ ಸೋತದ್ದು ಕಣದಲ್ಲಿ ಅಲ್ಲ, ರಾತ್ರಿ ಟೈಪ್ ಮಾಡುವಲ್ಲಿ ಮತ್ತು ಅಡ್ವಾನ್ಸ್ ಹಂಚುವಲ್ಲಿ. ಹಾಗಾಗಿ ಮಳೆಗಾಲದಲ್ಲಿ ಅವಳು ಸಾಫ್ಟ್‌ವೇರ್ ಬರೆಯಲು ಕುಳಿತದ್ದು ಅಷ್ಟಕ್ಕೇ. ಅಡ್ವಾನ್ಸ್, ಅಂಗಡಿ ಬಾಕಿ, ಜೋಡಿ ಚೀಲ, ಬಟವಾಡೆ ಪಟ್ಟಿ. ಕಣದಲ್ಲಿ ಕಾರ್ಬನ್ ಪುಸ್ತಕವೇ ಮುಂದುವರಿಯುತ್ತದೆ. ಫೋಟೊ ನೋಡಿ ಅಂಕಿ ಹೊಡೆಯಲು ಆಲ್ದೂರಿನ ಇಬ್ಬರು ಹುಡುಗಿಯರನ್ನು ಕುಯ್ಲಿನ ತಿಂಗಳುಗಳಿಗೆ ಗೊತ್ತು ಮಾಡಿಕೊಂಡಿದ್ದಾಳೆ. ಬೆರಳಚ್ಚು, ನಕ್ಷೆ, ಮಳೆ ಮುನ್ಸೂಚನೆ ಯಾವುದೂ ಇಲ್ಲ. ಇಡೀ ಕುಯ್ಲಿನಲ್ಲಿ ಒಬ್ಬರೂ ಅವನ್ನು ಕೇಳಲಿಲ್ಲ.

ಈ ಸಲ ವಾರಕ್ಕೆ 600 ರೂಪಾಯಿ. ಏಳು ತೋಟದವರು ಪುಸ್ತಕ ಪ್ರೆಸ್ಸಿಗೆ ಹೋಗುವ ಮೊದಲೇ ನಾಲ್ಕು ವಾರದ ದುಡ್ಡು ಕೊಟ್ಟಿದ್ದಾರೆ. ಬಗೆಹರಿಯದ ಸಂಗತಿಗಳೂ ಇವೆ. ಕುಯ್ಲು ಮುಗಿದ ಮೇಲೆ ಕಳೆ, ಕಸಿ (ಗಿಡ ಸವರುವುದು), ಗೊಬ್ಬರದ ಕೆಲಸಕ್ಕೆ ದಿನಗೂಲಿ, ಆಗ ತೂಕದ ಚೀಟಿಗೆ ಕೆಲಸವಿಲ್ಲ. ತಮ್ಮ ಕಾಳುಮೆಣಸಿನ ಕುಯ್ಲಿಗೂ ಪುಸ್ತಕ ಕೊಡೋಣ ಅನ್ನುತ್ತಾನೆ. ಅಕ್ಕ ರೋಬಸ್ಟಾ ಮುಗಿಯುವವರೆಗೆ ಬೇರೆ ಮಾತೇ ಬೇಡ ಅನ್ನುತ್ತಾಳೆ. ದರದ ಬಗ್ಗೆ ನನಗೂ ಅವಳಿಗೂ ಇನ್ನೂ ಒಮ್ಮತ ಇಲ್ಲ. ವಾರದ ಲೆಕ್ಕ ಬಿಟ್ಟು ಚೀಲಕ್ಕಿಷ್ಟು ಅಂತ ಇಟ್ಟರೆ ಐದು ಎಕರೆಯವರಿಗೂ ಹೊರೆಯಾಗದು, ಐವತ್ತು ಎಕರೆಯವರಿಂದಲೂ ನ್ಯಾಯವಾದ ದುಡ್ಡು ಬರುತ್ತದೆ ಅನ್ನುವುದು ನನ್ನ ವಾದ. ಚೀಲ ಎಣಿಸಲು ಹೋದರೆ ತೋಟದವರು ಚೀಲ ಕಡಿಮೆ ತೋರಿಸಲು ನೋಡುತ್ತಾರೆ, ಆಗ ಚೀಟಿಯೇ ಸುಳ್ಳಾಗುತ್ತದೆ ಅನ್ನುವುದು ಅವಳ ವಾದ. ಏಳರಲ್ಲಿ ಎರಡು ತೋಟಕ್ಕೆ ಚೀಲದ ದರ ಹಾಕಿ ನೋಡೋಣ ಅನ್ನುವಲ್ಲಿಗೆ ಸದ್ಯ ನಿಂತಿದೆ.